ಚಿಪ್ಪಿನೊಳಗಿನ ಬಿಸಿಲು

ಬಚ್ಚಲ ಒಲೆಗೆ ನಾಲ್ಕು ತೆಂಗಿನ ಚಿಪ್ಪು, ಒಂದಿಷ್ಟು ಒಣಗಿದ ಸಿಪ್ಪೆ ತುರುಕಿ ಬೆಂಕಿ ಹಚ್ಚಿದರೆ ಹಂಡೆಯ ನೀರು ಕಾಯುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಆ ಶಾಖ ಎಲ್ಲಿಂದ ಬಂತು ಎಂದು ಧರ್ಮೋಪದೇಶದ ತರಗತಿಯಲ್ಲಿ ಕೇಳಿ ನೋಡಿ. "ಬೆಂಕಿಪೊಟ್ಟಣದಿಂದ ಫಾದರ್" ಎನ್ನುವ ಮಕ್ಕಳೇ ಹೆಚ್ಚು.

ಶಾಖ ಬಂದದ್ದು ಸೂರ್ಯನಿಂದ. ತೆಂಗಿನ ಗರಿ ಬಿಸಿಲನ್ನು ಹೀರಿ, ಗಾಳಿಯ ಇಂಗಾಲದ ಡೈ ಆಕ್ಸೈಡನ್ನೂ ಬೇರು ತಂದ ನೀರನ್ನೂ ಕೂಡಿಸಿ ಸಕ್ಕರೆ ಮಾಡುತ್ತದೆ. ಆ ಸಕ್ಕರೆಯೇ ಮುಂದೆ ನಾರಾಗಿ, ಚಿಪ್ಪಾಗಿ, ಕೊಬ್ಬರಿಯಾಗಿ, ಎಣ್ಣೆಯಾಗಿ ಮಾರ್ಪಡುತ್ತದೆ. ಚಿಪ್ಪು ಉರಿದಾಗ ಅಂದು ಕಟ್ಟಿಟ್ಟ ಬಿಸಿಲಿಗೆ ಬಿಡುಗಡೆ. ಶಕ್ತಿಯನ್ನು ಮನುಷ್ಯ ಹೊಸದಾಗಿ ಉಂಟುಮಾಡಲಾರ, ಇಲ್ಲವಾಗಿಸಲೂ ಆರ. ಅದರ ರೂಪವನ್ನಷ್ಟೇ ಬದಲಿಸಬಲ್ಲ. ಇದು ವಿಜ್ಞಾನದ ನಿಯಮ. ಇದನ್ನು ವಿಶ್ವಾಸದ ಪುರಾವೆಯಾಗಿ ಹಿಡಿಯುವುದು ಸರಿಯಲ್ಲ. ಆದರೂ ಸೃಷ್ಟಿಕರ್ತರು ಒಬ್ಬರೇ, ನಾವು ಅವರ ಸೊತ್ತನ್ನು ನೋಡಿಕೊಳ್ಳುವವರು ಎಂದು ನಂಬುವ ನಮಗೆ ಈ ನಿಯಮ ಅಪರಿಚಿತವಾಗಿ ಕೇಳಿಸದು.

'ಎನರ್ಜಿ' ಎಂಬ ಪದವೇ ತತ್ತ್ವಶಾಸ್ತ್ರದ ಮನೆಯಿಂದ ಬಂದದ್ದು. ಗ್ರೀಕ್ ಜ್ಞಾನಿ ಅರಿಸ್ಟಾಟಲ್ ಬಳಸಿದ 'ಎನೆರ್ಗೆಯಾ' ಅದರ ಮೂಲ. ಕಾಯಿಯಲ್ಲಿ ಮರವಾಗುವ ಸಾಮರ್ಥ್ಯವಿದೆ. ಮರವಾಗಿ ನಿಂತಾಗ ಆ ಸಾಮರ್ಥ್ಯ ಕಾರ್ಯರೂಪಕ್ಕೆ ಬರುತ್ತದೆ. ಈ ವಿಚಾರವನ್ನು ಸಂತ ತೋಮಸ್ ಅಕ್ವಿನಾಸರು ನಮ್ಮ ದೈವಶಾಸ್ತ್ರಕ್ಕೆ ತಂದರು. ಇಂದಿನ ವಿಜ್ಞಾನ ಹೇಳುವ ಶಕ್ತಿ ಬೇರೆ, ಅದನ್ನು ಅಳೆಯಬಹುದು.

ಅಳೆದಾಗ ಒಂದು ಕಹಿ ಸತ್ಯ ತಿಳಿಯುತ್ತದೆ. ಶಕ್ತಿ ರೂಪ ಬದಲಿಸಿದಾಗಲೆಲ್ಲ ಅದರ ಒಂದು ಪಾಲು ಉಪಯೋಗಕ್ಕೆ ಬಾರದ ಶಾಖವಾಗಿ ಚದುರಿಹೋಗುತ್ತದೆ. ಕಲ್ಲಿದ್ದಲಿನ ಶಾಖದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಮೂರು ಕಲ್ಲಿನ ಒಲೆಯ ಕಥೆ ಇನ್ನೂ ಕಷ್ಟ. ಹತ್ತು ಪಾಲು ಶಾಖದಲ್ಲಿ ಪಾತ್ರೆಗೆ ತಾಗುವುದು ಸುಮಾರು ಒಂದು ಪಾಲು. ಮಿಕ್ಕದ್ದು ಗೋಡೆಗೆ, ಗಾಳಿಗೆ. ಹೊಗೆಯಂತೂ ತಾಯಂದಿರ ಕಣ್ಣಿಗೆ, ಎದೆಗೆ. ಇದನ್ನು ನೋಡಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ವಿಭಾಗದವರು 1980ರ ದಶಕದಲ್ಲಿ ಹೊಗೆಗೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿದರು. ಒಂದೇ ಉರಿಗೆ ಮೂರು ಪಾತ್ರೆ. ಅವರ ಹಳ್ಳಿ ಕೇಂದ್ರ ನಮ್ಮ ಜಿಲ್ಲೆಯದೇ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿತ್ತು.

ಅದೇ ತಾಲ್ಲೂಕಿನ ಪುರ ಗ್ರಾಮದ ಕಥೆಯನ್ನು ಪ್ರತಿಯೊಂದು ಪಂಚಾಯಿತಿಯೂ ತಿಳಿದಿರಬೇಕು. ಊರಿನ ಸಗಣಿಯನ್ನೆಲ್ಲ ಒಟ್ಟುಗೂಡಿಸಿ ಗೋಬರ್ ಗ್ಯಾಸ್ ಮಾಡಿ ಎಲ್ಲ ಮನೆಗಳಲ್ಲೂ ಅಡುಗೆ ಮಾಡುವುದೆಂದು ಮೊದಲು ಯೋಚಿಸಿದರು. ಅಷ್ಟು ಅನಿಲ ಹುಟ್ಟಲಿಲ್ಲ, ಯೋಜನೆ ನಿಂತಿತು. ಊರಿಗೆ ನಿಜವಾಗಿ ಬೇಕಾದದ್ದು ಕುಡಿಯುವ ನೀರು ಎಂದು ತಿಳಿದುಕೊಂಡು 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ, ವಿದ್ಯುತ್ ತಯಾರಿಸಿ, ನೀರೆತ್ತಿ ಮನೆಮನೆಗೆ ಕೊಟ್ಟರು, ದೀಪವನ್ನೂ ಹಚ್ಚಿದರು. ಸಗಣಿ ತಂದವರಿಗೆ ತೂಕದ ಲೆಕ್ಕದಲ್ಲಿ ಕಾಸು, ಜೊತೆಗೆ ಗೊಬ್ಬರ ವಾಪಸು. ಹುಲ್ಲು ಸಗಣಿಯಾಗಿ, ಸಗಣಿ ಅನಿಲವಾಗಿ, ಅನಿಲ ವಿದ್ಯುತ್ತಾಗಿ, ವಿದ್ಯುತ್ತು ನಲ್ಲಿಯ ನೀರಾಗಿ ಬಂದ ಪರಿ ಇದು.

ಮುಗಿಯುವ ಶಕ್ತಿ, ಮುಗಿಯದ ಶಕ್ತಿ ಎಂದು ಶಾಲೆಯಲ್ಲಿ ವಿಂಗಡಿಸಿ ಹೇಳಿಕೊಡುತ್ತಾರೆ. ತೋಟದವರಿಗೆ ಇದು ಸುಲಭ. ಕಾಯಿ ಮಾರಿ ಬದುಕುವುದು ಒಂದು, ಮರ ಕಡಿದು ಮಾರಿ ಬದುಕುವುದು ಇನ್ನೊಂದು. ಬಿಸಿಲು, ಗಾಳಿ, ಹರಿಯುವ ನೀರು, ಚಿಪ್ಪು, ಸಗಣಿ ಇವೆಲ್ಲ ಕಾಯಿಯ ಹಾಗೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು ಕೋಟ್ಯಂತರ ವರ್ಷಗಳ ಹಿಂದೆ ಹೂತುಹೋದ ಜೀವರಾಶಿಯಿಂದ ಆದವು. ಉರಿಸಿದರೆ ನಮ್ಮ ಮಕ್ಕಳ ಕಾಲಕ್ಕೆ ಮರಳಿ ಬಾರವು. ಅವುಗಳ ಹೊಗೆ ಮಾತ್ರ ಗಾಳಿಯಲ್ಲಿ ಉಳಿದು ಭೂಮಿಯನ್ನು ಬಿಸಿಯಾಗಿಸುತ್ತದೆ. ಅಡುಗೆಮನೆಯ ಸಿಲಿಂಡರೂ ಈ ಗುಂಪಿನದೇ. ಹಾಗೆಂದು ಗ್ಯಾಸ್ ಬಿಟ್ಟು ಹೊಗೆಗೆ ಮರಳಿ ಎಂದು ಯಾವ ತಾಯಿಗೂ ನಾನು ಹೇಳುವವನಲ್ಲ. ಮಿತವ್ಯಯದ ಪಾಠವನ್ನು ಹೆಂಗಸರ ಶ್ವಾಸಕೋಶದಿಂದ ಆರಂಭಿಸುವುದು ನ್ಯಾಯವಲ್ಲ.

ಪ್ರಶ್ನೆ ಇರುವುದು ತೋಟದ ಪಂಪ್‌ಸೆಟ್ಟಿನಲ್ಲಿ. ಸಾವಿರ ಲೀಟರ್ ನೀರನ್ನು ನೂರು ಅಡಿಯಿಂದ ಮೇಲೆತ್ತಲು ಒಂದಿಷ್ಟು ಶಕ್ತಿ ಬೇಕು. ಸಾವಿರ ಅಡಿಯಿಂದ ಎತ್ತಲು ಅದರ ಹತ್ತರಷ್ಟು. ಪಂಪು ಮೋಟರುಗಳ ನಷ್ಟವನ್ನು ಬಿಟ್ಟರೂ ಸಾವಿರ ಅಡಿಗೆ ಮುಕ್ಕಾಲು ಯೂನಿಟ್ಟಿಗಿಂತ ಹೆಚ್ಚು. ನಷ್ಟ ಸೇರಿದರೆ ಸುಮಾರು ಎರಡರಷ್ಟು. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಉಚಿತ ವಿದ್ಯುತ್ ಕೊಡುವುದರಿಂದ ಈ ಲೆಕ್ಕ ರೈತನ ಕಣ್ಣಿಗೆ ಬೀಳುವುದಿಲ್ಲ. ಹಾಗಾದರೆ ಸೋಲಾರ್ ಪಂಪು ಹಾಕಿದರಾಯಿತಲ್ಲ ಎನ್ನುವಿರಿ. ಹಾಕಿ, ಒಳ್ಳೆಯದೇ. ಆದರೆ ಸೂರ್ಯ ನಾಳೆ ಬೆಳಿಗ್ಗೆ ಮರಳುತ್ತಾನೆ. ಸಾವಿರ ಅಡಿ ಆಳದ ನೀರು ಹಾಗೆ ಮರಳುವುದಿಲ್ಲ. ಮುಗಿಯದ ಶಕ್ತಿಯಿಂದ ಮುಗಿಯುವ ನೀರನ್ನು ಬರಿದು ಮಾಡುವುದು ಸಾಧ್ಯ. ಮೂಲ ಎಷ್ಟೇ ಶುದ್ಧವಾಗಿರಲಿ, ತೆಗೆಯುವ ವೇಗ ತುಂಬುವ ವೇಗವನ್ನು ಮೀರಿದರೆ ಸುಳಿ ಒಣಗುವುದು ನಮ್ಮ ತೆಂಗಿನದೇ.

ಆದ್ದರಿಂದ ಸಿಪ್ಪೆಯನ್ನೆಲ್ಲ ಒಲೆಗೆ ಹಾಕುವುದೂ ಜಾಣತನವಲ್ಲ. ಮರದ ಸುತ್ತ ಗುಂಡಿ ತೋಡಿ ಸಿಪ್ಪೆಯನ್ನು ಪದರ ಪದರವಾಗಿ ಹೂತರೆ ಅದು ಸ್ಪಂಜಿನ ಹಾಗೆ ಮಳೆನೀರು ಹಿಡಿಯುತ್ತದೆ. ಅಷ್ಟು ಹೊತ್ತು ಮೋಟರು ಸುಮ್ಮನಿರಬಹುದು. ಐದು ಸಾವಿರ ಜನರಿಗೆ ಉಣಬಡಿಸಿದ ಮೇಲೂ ಯೇಸುಸ್ವಾಮಿ ಮಿಕ್ಕ ತುಂಡುಗಳನ್ನು ಬುಟ್ಟಿಗಳಲ್ಲಿ ಕೂಡಿಸಲು ಶಿಷ್ಯರಿಗೆ ಹೇಳಿದರೆಂದು ಸಂತ ಯೊವಾನ್ನರು ಬರೆದಿದ್ದಾರೆ. ಸಮೃದ್ಧಿಯನ್ನು ಕೊಟ್ಟವರೇ ಚೂರನ್ನೂ ಕೇಳಿದರು. ನಮ್ಮ ಹಿರಿಯರಿಗೂ ಈ ಬುದ್ಧಿಯಿತ್ತು. ಬೇರೆ ಕಡೆ ಕಾಯಿ ಒಡೆದು ಬಿಸಿಲಿಗೋ ಹೊಗೆಗೂಡಿಗೋ ಹಾಕಿ ಒಣಗಿಸಿದರೆ, ನಮ್ಮ ಸೀಮೆಯ ಉಂಡೆ ಕೊಬ್ಬರಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾದು ತಾನಾಗಿ ಒಣಗುತ್ತದೆ. ಖರ್ಚಾಗುವುದು ತಾಳ್ಮೆ ಮಾತ್ರ.

ನಮ್ಮ ಜಿಲ್ಲೆಯ ಪಾವಗಡದಲ್ಲಿ 2019ರ ಹೊತ್ತಿಗೆ ಪೂರ್ಣಗೊಂಡ 2,050 ಮೆಗಾವಾಟ್ ಸೌರ ಪಾರ್ಕ್ ಸುಮಾರು 13,000 ಎಕರೆಯಲ್ಲಿ ಹರಡಿದೆ. ಜಮೀನನ್ನು ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಬರಗಾಲದ ಭೂಮಿಯ ಒಡೆಯರಿಗೆ ವರ್ಷವರ್ಷ ಹಣ ಬರುತ್ತದೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತರ ಪಾಲೇನು ಎಂಬುದನ್ನೂ ನಾವು ಕೇಳಬೇಕು. 2008ರಲ್ಲಿ ವ್ಯಾಟಿಕನ್ನಿನ ಆರನೇ ಪೌಲ್ ಸಭಾಂಗಣದ ಛಾವಣಿಗೂ ಸುಮಾರು 2,400 ಸೌರ ಫಲಕಗಳು ಬಂದವು. ಜಗದ್ಗುರು ಫ್ರಾನ್ಸಿಸ್‌ರವರು 2015ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಕಲ್ಲಿದ್ದಲು, ತೈಲಗಳನ್ನು ತಡಮಾಡದೆ ಹಂತಹಂತವಾಗಿ ಬಿಡಬೇಕೆಂದರು. ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಒಟ್ಟಿಗೇ ಕೇಳಬೇಕೆಂದೂ ಹೇಳಿದರು.

ಈ ವಾರ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳ ಕೈಗೆ ಮನೆಯ ಕರೆಂಟ್ ಬಿಲ್ಲು ಕೊಟ್ಟು ಎಷ್ಟು ಯೂನಿಟ್ ಆಗಿದೆ ಎಂದು ಓದಿಸಿ. ತೋಟದ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ; ಅದಕ್ಕಾಗಿ ಒಂದು ಹಾಳೆಯಲ್ಲಿ ಅಜ್ಜನ ಕಾಲದ ತೆರೆದ ಬಾವಿಯ ಆಳವನ್ನೂ, ಪಕ್ಕದಲ್ಲೇ ಈಗಿನ ಕೊಳವೆಬಾವಿಯ ಆಳವನ್ನೂ ಅವರೇ ಬರೆಯಲಿ.