ಅರಳುಮರಳೂ ಊರಿನ ವೈದ್ಯರೂ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮುಪ್ಪಿನೊಡನೆ ಮರೆವು ಬಂದೇ ಬರುವುದು, ಅದಕ್ಕೆ ಮಾಡತಕ್ಕುದೇನೂ ಇಲ್ಲ ಎಂಬ ನಂಬಿಕೆ ಈ ಗಾದೆಯಲ್ಲಿ ಅಡಗಿದೆ. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ವಿಚಾರಮಾಡೋಣ.

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಹಿಂದೆ ಅಮೃತಮಹಲ್ ದನಗಳು ಮೇಯುತ್ತಿದ್ದ ಈ ಸೀಮೆಯಲ್ಲಿ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರಕ್ಕೆ ಭೂಮಿ ದೊರೆತಿದೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ವಿಜ್ಞಾನವು ಹಳ್ಳಿಯ ಬಾಗಿಲಿಗೇ ಬಂದಿದೆ ಎನ್ನಬಹುದು. ಆದರೆ ಇಲ್ಲಿಯ ಹಳ್ಳಿಯೊಂದರಲ್ಲಿ, ಹೊಲಕ್ಕೆ ಹೋದ ಅಜ್ಜನೊಬ್ಬನು ಮನೆಯ ದಾರಿ ತಿಳಿಯದೆ ನಿಂತನೆಂದು ಭಾವಿಸೋಣ. ನರರೋಗ ತಜ್ಞರು ಇರುವುದು ನಗರಗಳಲ್ಲಿ. ಹತ್ತಿರದಲ್ಲಿರುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು. ಅವರಿಗೆ ಈ ರೋಗದ ಶಿಕ್ಷಣ ದೊರೆತಿದೆಯೇ ಎಂಬುದರ ಮೇಲೆ ಅಜ್ಜನ ಮುಂದಿನ ಬಾಳು ನಿಂತಿದೆ.

ರೋಗದ ಸ್ವರೂಪ

ಹೆಸರೊಂದು ಥಟ್ಟನೆ ನೆನಪಿಗೆ ಬಾರದಿರುವುದು ವಯಸ್ಸಿನ ಸಹಜ ಲಕ್ಷಣ. ದಿನನಿತ್ಯದ ಕೆಲಸಗಳೇ ಕೆಡುವಷ್ಟು ನೆನಪೂ ವಿವೇಚನೆಯೂ ಕುಗ್ಗಿದರೆ ಅದು ಡಿಮೆನ್ಷಿಯ. ಇದಕ್ಕೆ ಹಲವು ಕಾರಣಗಳುಂಟು. ಮುಖ್ಯವಾದುದು ಆಲ್ಝೈಮರ್ ರೋಗ. 1906ರಲ್ಲಿ ಜರ್ಮನಿಯ ಆಲೋಯಿಸ್ ಆಲ್ಝೈಮರ್ ಎಂಬ ವೈದ್ಯನು ಮೃತ ರೋಗಿಯೊಬ್ಬಳ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಅಸಹಜ ಕಲೆಗಳೂ ತಂತುಗಳ ಗಂಟುಗಳೂ ಇರುವುದನ್ನು ವಿವರಿಸಿದನು. ಇವು ಪ್ರೋಟೀನುಗಳ ಶೇಖರಣೆಗಳೆಂದು ನಾವು ಈಗ ಬಲ್ಲೆವು. 2023ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ, ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯ ಇದೆ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಇಲ್ಲ ಎಂಬುದನ್ನೂ ಗಮನಿಸಬೇಕು. ಆದುದರಿಂದ ಗಾದೆ ಪೂರ್ಣ ಸತ್ಯವಲ್ಲ.

ವೈದ್ಯರ ಮೊದಲ ಕೆಲಸ

ಮರೆವೆಲ್ಲವೂ ಆಲ್ಝೈಮರ್ ಅಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಖಿನ್ನತೆ, ತಲೆಗೆ ಪೆಟ್ಟು ಬಿದ್ದು ಮೆದುಳಿನ ಹೊದಿಕೆಯಡಿ ಕಟ್ಟಿದ ರಕ್ತ: ಇವುಗಳಿಂದಲೂ ಬುದ್ಧಿ ಮಸುಕಾಗುವುದುಂಟು; ಇವಕ್ಕೆ ಚಿಕಿತ್ಸೆಯೂ ಉಂಟು. ‘ವಯಸ್ಸಾಯಿತು ಬಿಡಿ’ ಎಂದು ಹೇಳಿ ಕಳುಹಿಸಿದರೆ ಗುಣವಾಗತಕ್ಕ ರೋಗಿಯೂ ಕೈಬಿಟ್ಟುಹೋಗುತ್ತಾನೆ.

ಓದು ಬಾರದವರ ನೆನಪನ್ನು ಅಳೆಯುವುದು ಹೇಗೆ? ವಾಕ್ಯ ಬರೆಯಿರೆಂದು ಕೇಳುವ ಪರೀಕ್ಷೆಯಲ್ಲಿ ಅವರು ಆರೋಗ್ಯವಾಗಿದ್ದರೂ ಸೋಲುವರು. ಅದಕ್ಕಾಗಿ ಹರಿಯಾಣದ ಬಲ್ಲಬಗಢದ ಹಳ್ಳಿಗಳಲ್ಲಿ ಅಕ್ಷರದ ನೆರವಿಲ್ಲದ ಪರೀಕ್ಷೆಯೊಂದನ್ನು ರೂಪಿಸಿ 1995ರಲ್ಲಿ ಪ್ರಕಟಿಸಿದರು. ಇಂಥ ಪ್ರಶ್ನೆಗಳಿಗೆ ಯಂತ್ರ ಬೇಡ, ತಾಳ್ಮೆ ಬೇಕು. ಮನೆಯವರ ಮಾತನ್ನೂ ಕೇಳಬೇಕು.

ಈ ಶಿಕ್ಷಣವನ್ನು ಹರಡಲು ಕರ್ನಾಟಕ ಸರ್ಕಾರವೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ 2022ರಲ್ಲಿ ಮೆದುಳಿನ ಆರೋಗ್ಯದ ಯೋಜನೆಯೊಂದನ್ನು ಆರಂಭಿಸಿದವು. ಕೋಲಾರ, ಚಿಕ್ಕಬಳ್ಳಾಪುರ ಮೊದಲಾದೆಡೆಗಳಲ್ಲಿ ಪ್ರಾಥಮಿಕ ಕೇಂದ್ರಗಳ ವೈದ್ಯರಿಗೆ ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು, ಡಿಮೆನ್ಷಿಯಗಳನ್ನು ಗುರುತಿಸುವ ತರಬೇತಿ ನೀಡುವುದು ಅದರ ಮೊದಲ ಹೆಜ್ಜೆಯಾಗಿದ್ದಿತು.

ಸೂಜಿಯ ಸ್ಥಾನ

ಕೆಲವು ದೇಶಗಳ ಕುಟುಂಬ ವೈದ್ಯಶಿಕ್ಷಣದ ಚಿಕಿತ್ಸಾಲಯಗಳಲ್ಲಿ ಡಿಮೆನ್ಷಿಯ ಆರೈಕೆಯೊಡನೆ ಆಕ್ಯುಪಂಕ್ಚರ್ ಎಂಬ ಸೂಜಿ ಚಿಕಿತ್ಸೆಯನ್ನೂ ಕಲಿಸುವರು. ಈ ಸೂಜಿಯಿಂದ ಮರೆವು ಗುಣವಾಗುವುದೆಂಬುದಕ್ಕೆ ಸಾಕಷ್ಟು ಪ್ರಮಾಣವಿಲ್ಲ. ಹಾಗೆ ಆಶೆ ತೋರಿಸುವುದು ಸರಿಯಲ್ಲ. ಅದರ ಸ್ಥಾನ ಬೇರೆ. ಡಿಮೆನ್ಷಿಯದ ರೋಗಿಗೆ ಸೊಂಟ ನೋಯುತ್ತಿದ್ದರೂ ‘ನೋವು’ ಎಂದು ಹೇಳಲು ಬಾರದೆ ಹೋಗಬಹುದು. ಅವನು ಕೂಗಾಡುವನು, ನಿದ್ರೆಗೆಡುವನು. ಮನೆಯವರು ಅದನ್ನು ಹಟವೆಂದು ತಿಳಿಯುವರು. ಆದುದರಿಂದ ನೋವನ್ನು ಹುಡುಕಿ ಶಮನಮಾಡುವುದೂ ಆರೈಕೆಯ ಅಂಗ. ಬಹುಕಾಲದ ಸೊಂಟನೋವಿಗೆ ಸಲ್ಲುವ ಉಪಾಯಗಳಲ್ಲಿ ಒಂದಾಗಿ ವಿಶ್ವ ಆರೋಗ್ಯ ಸಂಸ್ಥೆಯು 2023ರ ಮಾರ್ಗಸೂಚಿಯಲ್ಲಿ ಸೂಜಿ ಚಿಕಿತ್ಸೆಯನ್ನೂ ಷರತ್ತಿನೊಡನೆ ಸೇರಿಸಿದೆ. ಶುದ್ಧವಾದ ಸೂಜಿ, ಪಳಗಿದ ಕೈ, ರೋಗಿಯ ಸಮ್ಮತಿ—ಈ ಮೂರೂ ಇದ್ದರೆ ಮಾತ್ರ ಅದು ಯೋಗ್ಯ.

ನಾವು ಮಾಡಬಹುದಾದುದು

ಆಲ್ಝೈಮರ್ ರೋಗವನ್ನು ಪೂರ್ಣವಾಗಿ ಗುಣಪಡಿಸುವ ಔಷಧ ಇನ್ನೂ ದೊರೆತಿಲ್ಲ. ಆದರೆ ತಡೆಯುವ ದಾರಿಗಳುಂಟು. ರಕ್ತದೊತ್ತಡ, ಮಧುಮೇಹ, ಧೂಮಪಾನ, ಕಿವುಡು, ಒಂಟಿತನ ಮೊದಲಾದ 14 ಅಪಾಯಗಳನ್ನು ನಿವಾರಿಸಿದರೆ ಸುಮಾರು ಶೇಕಡ 45ರಷ್ಟು ಡಿಮೆನ್ಷಿಯವನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವೆಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞಮಂಡಲಿಯು 2024ರಲ್ಲಿ ಅಂದಾಜು ಮಾಡಿತು. ಇವುಗಳಲ್ಲಿ ಹಲವು ಊರಿನ ವೈದ್ಯರ ಕೈಗೆ ಎಟಕುವಂಥವು.

2022ರಿಂದ ನಮ್ಮ ದೇಶದ ವೈದ್ಯವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ಅವರ ಆರೋಗ್ಯವನ್ನು ಗಮನಿಸುವ ಪಾಠವೂ ಜಾರಿಗೆ ಬಂದಿದೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ನಾಳೆ ಹಾಗೆ ಹಳ್ಳಿಗೆ ಹೋಗುವಿರಿ. ಉಳಿದವರಿಗೂ ಕೆಲಸವಿದೆ: ಮನೆಯ ಹಿರಿಯರು ಕೇಳಿದುದನ್ನೇ ಮತ್ತೆ ಮತ್ತೆ ಕೇಳಿದಾಗ ನಗಬೇಡಿ, ಗದರಬೇಡಿ. ಯಾವಾಗಿನಿಂದ ಹೀಗಾಯಿತೆಂದು ಗುರುತಿಟ್ಟುಕೊಂಡು ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ಆ ಗುರುತೇ ವೈದ್ಯರಿಗೆ ಮೊದಲ ಸಾಧನ.