ಬಾಟಲಿಯಿಂದ ಲೋಟಕ್ಕೆ: ಆರೋಗ್ಯ ಪ್ರಶ್ನೋತ್ತರ

ಪ್ರಶ್ನೆ: ಹನ್ನೊಂದು ತಿಂಗಳ ಮಗುವೊಂದು ಎರಡನೆಯ ತಿಂಗಳಿನಿಂದಲೂ ಬಾಟಲಿಯಲ್ಲೇ ಹಾಲು ಕುಡಿಯುತ್ತಿದೆ. ಹಲ್ಲು ಬಂದ ಮೇಲೆ ತಾನಾಗಿಯೇ ಬಿಡುತ್ತದೆ ಎಂಬುದು ಮನೆಯ ಹಿರಿಯರ ಮಾತು. ಅಲ್ಲಿಯವರೆಗೆ ಕಾಯಬಹುದೇ?

ಉತ್ತರ: ಕಾಯುವುದರಿಂದ ಕೆಲಸ ಸುಲಭವಾಗುವುದಿಲ್ಲ, ಕಷ್ಟವಾಗುತ್ತದೆ. ಎಳೆಗೂಸಿಗೆ ಚೀಪುವುದೆಂದರೆ ಹಸಿವು ತಣಿಸಿಕೊಳ್ಳುವ ದಾರಿ ಮಾತ್ರವಲ್ಲ, ಅಳು ಮರೆತು ಸಮಾಧಾನ ಹೊಂದುವ ದಾರಿಯೂ ಹೌದು; ಹೊಟ್ಟೆ ತುಂಬಿದ ಮೇಲೂ ನಿಪ್ಪಲನ್ನು ಬಾಯಿಂದ ಬಿಡದಿರುವ ಈ ವರ್ತನೆಯನ್ನು ಮಕ್ಕಳ ವೈದ್ಯರು ಪೋಷಣೆಗಲ್ಲದ ಚೀಪುವಿಕೆ ಎಂದು ಗುರುತಿಸುತ್ತಾರೆ. ಮೊದಲ ವರ್ಷದಲ್ಲಿ ಬಹುಮಟ್ಟಿಗೆ ಆಹಾರದ ಸಾಧನವಾಗಿದ್ದ ಬಾಟಲಿ ಎರಡನೆಯ ವರ್ಷದಲ್ಲಿ ಸಮಾಧಾನದ ಸಾಧನವಾಗಿ ಮಾರ್ಪಡುತ್ತದೆ, ಅಷ್ಟರಲ್ಲಿ ಮಗುವಿನ ಹಟವೂ ನೆನಪೂ ಬಲಿತಿರುತ್ತವೆ. ಆದ್ದರಿಂದಲೇ ಹನ್ನೊಂದನೆಯ ತಿಂಗಳಲ್ಲಿ ಕೆಲವು ದಿನಗಳ ಅಳುವಿನಲ್ಲಿ ಮುಗಿಯಬಹುದಾದದ್ದು ಎರಡೂವರೆ ವರ್ಷದಲ್ಲಿ ಮನೆಮಂದಿಯ ನಿದ್ದೆಯನ್ನೆಲ್ಲ ಕೆಡಿಸುತ್ತದೆ. ಇನ್ನು ಹಲ್ಲಿನ ವಿಷಯ: ಹಲ್ಲು ಬಂದದ್ದು ಬಾಟಲಿಯನ್ನು ಬಿಡಿಸಬೇಕೆನ್ನುವುದಕ್ಕೆ ಕಾರಣವೇ ಹೊರತು, ಅದರಿಂದ ಮಗು ಬಾಟಲಿಯನ್ನು ತಾನಾಗಿ ಬಿಡುವುದಿಲ್ಲ.

ಆರು ತಿಂಗಳು ತುಂಬಿ ರಾಗಿ ಸರಿ, ಅನ್ನದ ಗಂಜಿ ಮುಂತಾದ ಮೇಲು ಆಹಾರವನ್ನು ಆರಂಭಿಸುವ ಹೊತ್ತಿಗೆ, ಊಟದ ಜೊತೆಗೆ ಎರಡು ಗುಟುಕು ಕಾಯಿಸಿ ಆರಿಸಿದ ನೀರನ್ನು ಪುಟ್ಟ ಲೋಟದಲ್ಲಿ ಕೊಟ್ಟು ರೂಢಿ ಮಾಡಿಸುವುದು ಎಲ್ಲಕ್ಕಿಂತ ಸರಳವಾದ ಕ್ರಮ. ಹನ್ನೆರಡು ತಿಂಗಳ ಹೊತ್ತಿಗೆ ಹೆಚ್ಚಿನ ಮಕ್ಕಳು ದೊಡ್ಡವರು ಹಿಡಿದ ಲೋಟದಿಂದ ಕುಡಿಯಬಲ್ಲರು, ಹದಿನೆಂಟು ತಿಂಗಳಿಗೆ ಅಷ್ಟಿಷ್ಟು ಚೆಲ್ಲಿದರೂ ತಾವೇ ಹಿಡಿದು ಕುಡಿಯಬಲ್ಲರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 12ರಿಂದ 18 ತಿಂಗಳ ನಡುವೆ ಬಾಟಲಿಯನ್ನು ಪೂರ್ತಿ ಬಿಡಿಸಬೇಕೆನ್ನುತ್ತದೆ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ನಿಲುವು ಇನ್ನೂ ಬಿಗಿಯಾದದ್ದು, ಅದರ ಪ್ರಕಾರ ತಾಯಿಯ ಹಾಲು ಸಾಲದ ಮಗುವಿಗೂ ಲೋಟ, ಚಮಚ ಅಥವಾ ಕೊಕ್ಕಿನಂಥ ಬಾಯಿಯುಳ್ಳ ಪುಟ್ಟ ಪಾತ್ರೆಯಾದ ಒಳಲೆಯಿಂದಲೇ ಹಾಲುಣಿಸಬೇಕು. ನೀರಿನ ಶುದ್ಧತೆಯನ್ನು ನಂಬಲಾಗದ ಕಡೆ ಬಾಟಲಿಯ ಕತ್ತು ಮತ್ತು ನಿಪ್ಪಲಿನ ಸಂದುಗಳಲ್ಲಿ ಕೂತ ಹಾಲಿನ ಜಿಡ್ಡು ಮಗುವಿಗೆ ವಾಂತಿ ಭೇದಿ ತರುತ್ತದೆಂಬುದು ಈ ನಿಲುವಿನ ಹಿಂದಿನ ಮುಖ್ಯ ಕಾರಣ. ಶಿಶು ಹಾಲಿನ ಪುಡಿಯ ಜೊತೆಗೆ ಬಾಟಲಿಗಳ ಜಾಹೀರಾತನ್ನೂ ಭಾರತದಲ್ಲಿ 1992ರ ಕಾಯಿದೆಯೊಂದು ನಿಷೇಧಿಸಿದೆ ಎಂಬುದು ಅನೇಕ ತಂದೆತಾಯಿಗಳಿಗೆ ತಿಳಿದಿರುವುದಿಲ್ಲ. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು: ಬಾಟಲಿ ಬಿಡಿಸುವುದೆಂದರೆ ಎದೆಹಾಲು ಬಿಡಿಸುವುದಲ್ಲ, ಎದೆಹಾಲನ್ನು ಎರಡು ವರ್ಷದವರೆಗೂ ಅದರಾಚೆಗೂ ಮುಂದುವರಿಸಬಹುದು.

ಪ್ರಶ್ನೆ: ಬಾಟಲಿಯ ಬದಲಿಗೆ ಮೂತಿಯಿರುವ ಸಿಪ್ಪರ್ ಕೊಂಡರೆ ಸಾಕೇ? ಯಾವ ಬಗೆಯದು ಉತ್ತಮ?

ಉತ್ತರ: ಸಿಪ್ಪರ್ ಎಂದು ಅಂಗಡಿಗಳಲ್ಲಿ ಕರೆಯುವ, ಮುಚ್ಚಳವೂ ಚಾಚಿದ ಮೂತಿಯೂ ಇರುವ ಕಪ್ಪು ಕೆಲವು ವಾರಗಳ ಮಟ್ಟಿಗೆ ಸೇತುವೆಯಾಗಬಹುದು, ಆದರೆ ಅದರಲ್ಲೇ ಮಗು ನೆಲೆ ನಿಂತರೆ ಬಾಟಲಿಯ ಹೆಸರು ಬದಲಾಯಿತೇ ವಿನಾ ಅಭ್ಯಾಸ ಬದಲಾಗಲಿಲ್ಲ. ಇದು ಅರ್ಥವಾಗಬೇಕಾದರೆ ಬಾಯೊಳಗೆ ನಡೆಯುವ ಕೆಲಸವನ್ನು ಗಮನಿಸಬೇಕು. ನಿಪ್ಪಲಿನಿಂದ ಹಾಲೆಳೆಯುವಾಗ ನಾಲಗೆ ಮುಂದಕ್ಕೂ ಹಿಂದಕ್ಕೂ ಚಲಿಸುತ್ತ ಹಾಲನ್ನು ಗಂಟಲಿಗೆ ಸಾಗಿಸುತ್ತದೆ. ಲೋಟದಿಂದ ಗುಟುಕರಿಸುವಾಗ ಕೆಳದುಟಿ ಅಂಚಿಗೆ ಒತ್ತಿಕೊಂಡು, ದವಡೆ ಅಲುಗದೆ ನಿಂತು, ನಾಲಗೆಯ ತುದಿ ಮೇಲಿನ ಹಲ್ಲುಗಳ ಹಿಂದಿರುವ ವಸಡಿನ ಉಬ್ಬಿನತ್ತ ಏಳಬೇಕಾಗುತ್ತದೆ. ದೊಡ್ಡವರು ನುಂಗುವ ಕ್ರಮ ಇದೇ ಆದ್ದರಿಂದ ಮಗು ಇದನ್ನು ಎಂದಾದರೂ ಕಲಿಯಲೇಬೇಕು. ಗಟ್ಟಿ ಮೂತಿ ನಾಲಗೆಯ ಮೇಲೆ ಕೂತು ಅದನ್ನು ಮೇಲೇಳಗೊಡುವುದಿಲ್ಲ. ತಲೆಕೆಳಗು ಮಾಡಿದರೂ ಸೋರದಂತೆ ಮುಚ್ಚಳದೊಳಗೆ ರಬ್ಬರಿನ ಚಿಕ್ಕ ಕವಾಟ ಕೂರಿಸಿದ ಸಿಪ್ಪರುಗಳಂತೂ ಬಲವಾಗಿ ಚೀಪದ ಹೊರತು ಹನಿಯನ್ನೂ ಬಿಡವು. ನೆಲ ಒರೆಸುವವರಿಗೆ ಅನುಕೂಲವಾದ ಈ ವ್ಯವಸ್ಥೆಯಿಂದ ಮಗುವಿನ ಕಲಿಕೆಗೆ ಏನೂ ದೊರೆಯುವುದಿಲ್ಲ. ಕೊಳ್ಳಲೇಬೇಕೆಂದರೆ ಕವಾಟವಿಲ್ಲದ, ಬಿಡಿಬಿಡಿಯಾಗಿ ಕಳಚಿ ತೊಳೆಯಬಹುದಾದ, ಎರಡು ಹಿಡಿಗಳುಳ್ಳ ಕಪ್ಪು ಸಾಕು. ಪ್ರಯಾಣದಲ್ಲಿ ಮೂತಿಯ ಕಪ್ಪಿಗಿಂತ ಗಿಡ್ಡ ಸ್ಟ್ರಾ ಇರುವ ಕಪ್ಪು ಮೇಲು.

ಆದರೆ ಅಡುಗೆಮನೆಯಲ್ಲೇ ಇರುವ, ಅಂಚು ಮಡಿಚಿದ ಪುಟ್ಟ ಸ್ಟೀಲ್ ಲೋಟವನ್ನು ಮೀರಿಸುವ ಸಾಧನ ಇನ್ನೂ ಬಂದಿಲ್ಲ. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಲೋಟದ ಮೂರನೆಯ ಒಂದು ಭಾಗದಷ್ಟು ಮಾತ್ರ ಹಾಲು ತುಂಬಿ, ಅಂಚನ್ನು ಕೆಳದುಟಿಯ ಮೇಲೆ ಹಗುರವಾಗಿ ಇರಿಸಿ, ಹಾಲು ತುಟಿಗೆ ತಾಗುವಷ್ಟು ಬಾಗಿಸಿ ಹಾಗೆಯೇ ಹಿಡಿದಿರಬೇಕು. ಹಾಲನ್ನು ಬಾಯಿಗೆ ಸುರಿಯಬಾರದು, ಮಗುವೇ ತುಟಿ ಮುಂದೆ ಮಾಡಿ ಹೀರಿಕೊಳ್ಳಬೇಕು. ಒಂದು ಗುಟುಕು ನುಂಗಿ ಉಸಿರಾಡಿದ ಮೇಲೆ ಮತ್ತೊಂದು. ತೆಳು ಹಾಲಿಗಿಂತ ತುಸು ಮಂದವಾದ ಗಂಜಿಯೋ ಕಡೆದ ಮೊಸರೋ ನಿಧಾನವಾಗಿ ಹರಿಯುವುದರಿಂದ ಮೊದಲ ವಾರಕ್ಕೆ ಹೆಚ್ಚು ಅನುಕೂಲ. ಗಲ್ಲದ ಕೆಳಗೊಂದು ಬಟ್ಟೆ ಕಟ್ಟಿ, ಅರ್ಧದಷ್ಟು ಚೆಲ್ಲಿಹೋಗುತ್ತದೆಂದು ಮೊದಲೇ ಒಪ್ಪಿಕೊಂಡ ತಾಯಿಯ ಮುಖದಲ್ಲಿ ಗಾಬರಿ ಕಾಣದಿದ್ದರೆ ಮಗುವೂ ಗಾಬರಿಯಾಗುವುದಿಲ್ಲ.

ಯಾವ ಕಪ್ಪಾದರೂ ಕೂತು ಕುಡಿಯುವ ವಸ್ತುವೆಂಬುದನ್ನು ಮೊದಲ ದಿನದಿಂದಲೇ ರೂಢಿಸಬೇಕು. ಬಾಟಲಿ, ಚೀಪುಗ (ಪ್ಯಾಸಿಫೈಯರ್) ಮತ್ತು ಸಿಪ್ಪರುಗಳಿಂದಾದ ಗಾಯಗಳನ್ನು ಕುರಿತು ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, 1991ರಿಂದ 2010ರವರೆಗಿನ ಅವಧಿಯಲ್ಲಿ ಮೂರು ವರ್ಷದೊಳಗಿನ 45 ಸಾವಿರಕ್ಕೂ ಹೆಚ್ಚು ಮಕ್ಕಳು ಅಲ್ಲಿನ ತುರ್ತು ಚಿಕಿತ್ಸಾ ವಿಭಾಗಗಳಿಗೆ ಬಂದಿದ್ದರು. ಬಹುಪಾಲು ಮಕ್ಕಳು ಬಾಯಲ್ಲಿ ಅವನ್ನಿಟ್ಟುಕೊಂಡು ತಪ್ಪುಹೆಜ್ಜೆ ಹಾಕುವಾಗ ಬಿದ್ದು ತುಟಿ, ವಸಡು, ಹಲ್ಲುಗಳಿಗೆ ಪೆಟ್ಟು ಮಾಡಿಕೊಂಡಿದ್ದರು.

ಪ್ರಶ್ನೆ: ಹಗಲಿನಲ್ಲಿ ಲೋಟದಿಂದ ಕುಡಿಯುವ ಹದಿನಾಲ್ಕು ತಿಂಗಳ ಮಗು ರಾತ್ರಿ ಮಾತ್ರ ಬಾಟಲಿಯಿಲ್ಲದೆ ಮಲಗುವುದಿಲ್ಲ. ಒಂದೇ ಬಾಟಲಿಯಿಂದ ತೊಂದರೆಯುಂಟೇ?

ಉತ್ತರ: ದಿನದ ಎಲ್ಲ ಬಾಟಲಿಗಳಿಗಿಂತ ಆ ಒಂದೇ ಬಾಟಲಿ ಹೆಚ್ಚು ಹಾನಿಕರ. ಹಗಲಿನಲ್ಲಿ ಜೊಲ್ಲು ನಿರಂತರವಾಗಿ ಹರಿದು ಹಲ್ಲುಗಳನ್ನು ತೊಳೆಯುತ್ತಿರುತ್ತದೆ, ನಿದ್ದೆಯಲ್ಲಿ ಅದು ತೀರ ಕಡಿಮೆಯಾಗುತ್ತದೆ. ಆಗ ಬಾಯಲ್ಲಿ ಉಳಿದ ಹಾಲಿನ ಸಕ್ಕರೆಯನ್ನು ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್ ಮೊದಲಾದ ಬ್ಯಾಕ್ಟೀರಿಯಾಗಳು ಆಮ್ಲವಾಗಿ ಪರಿವರ್ತಿಸುತ್ತವೆ, ಆ ಆಮ್ಲ ಹಲ್ಲಿನ ಹೊರಕವಚವಾದ ಎನಾಮೆಲನ್ನು ಕರಗಿಸುತ್ತದೆ. ಹಾಲಿಗೆ ಸಕ್ಕರೆ ಬೆರೆಸುವ ಅಥವಾ ಬಿಸ್ಕತ್ತು ನೆನೆಸುವ ರೂಢಿಯಿದ್ದರೆ ಹಾನಿ ಇನ್ನೂ ವೇಗವಾಗುತ್ತದೆ. ಎಳೆಮಕ್ಕಳ ಹಲ್ಲುಹುಳುಕು ಎಂದು ಕರೆಯುವ ಈ ರೋಗ ಮೊದಲು ಮೇಲಿನ ಮುಂಬಲ್ಲುಗಳಲ್ಲಿ, ವಸಡಿನ ಅಂಚಿಗೆ ಸುಣ್ಣದ ಗೆರೆಯಂಥ ಬಿಳುಪಾಗಿ ಕಾಣಿಸಿಕೊಂಡು ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕೆಳಗಿನ ಮುಂಬಲ್ಲುಗಳನ್ನು ನಾಲಗೆ ಮುಚ್ಚಿಕೊಂಡಿರುವುದರಿಂದ ಅವು ಬಹುಕಾಲ ಉಳಿದುಕೊಳ್ಳುತ್ತವೆ. ಬೀಳುವ ಹಲ್ಲುಗಳೇ ತಾನೇ ಎಂಬ ಸಮಾಧಾನ ಸರಿಯಲ್ಲ, ಏಕೆಂದರೆ ಅವು ಬೀಳುವವರೆಗಿನ ಆರೇಳು ವರ್ಷ ಮಗು ಅಗಿಯಬೇಕಾದದ್ದೂ ಮಾತು ಕಲಿಯಬೇಕಾದದ್ದೂ ಆ ಹಲ್ಲುಗಳಿಂದಲೇ. ಮಲಗಿ ಕುಡಿಯುವುದರಿಂದ ಕಿವಿಗೂ ಅಪಾಯವಿದೆ: ಮೂಗಿನ ಹಿಂಭಾಗವನ್ನು ನಡುಗಿವಿಗೆ ಜೋಡಿಸುವ ಯುಸ್ಟೇಶಿಯನ್ ನಾಳ ಎಳೆಯರಲ್ಲಿ ಗಿಡ್ಡವಾಗಿಯೂ ಹೆಚ್ಚುಕಡಿಮೆ ಅಡ್ಡಲಾಗಿಯೂ ಇರುವುದರಿಂದ ಹಾಲು ಅತ್ತ ನುಸುಳಿ ಸೋಂಕಿಗೆ ಎಡೆಮಾಡಬಹುದು.

ಬಿಡಿಸುವ ಉಪಾಯವೆಂದರೆ ಹಾಲನ್ನೂ ನಿದ್ದೆಯನ್ನೂ ಬೇರ್ಪಡಿಸುವುದು. ರಾತ್ರಿಯ ಊಟವಾದ ಮೇಲೆ, ಮಲಗುವುದಕ್ಕೆ ಅರ್ಧ ಗಂಟೆ ಮೊದಲು, ದೀಪ ಹಚ್ಚಿರುವಾಗಲೇ ಮಲಗುವ ಕೋಣೆಯ ಹೊರಗೆ ಲೋಟದಲ್ಲಿ ಹಾಲು ಕೊಟ್ಟು, ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜಿಸಿ, ಅನಂತರ ಜೋಗುಳಕ್ಕೋ ಬೆನ್ನು ತಟ್ಟುವುದಕ್ಕೋ ತೊಡಗಬೇಕು. ಬಾಟಲಿ ಕೊಡುತ್ತಿದ್ದ ಸಮಾಧಾನದ ಜಾಗವನ್ನು ಇನ್ನೊಂದು ಸಮಾಧಾನ ತುಂಬದೆ ಹೋದರೆ ಮಗುವಿನ ಅಳು ನ್ಯಾಯವಾದದ್ದೇ. ಒಮ್ಮೆಗೇ ನಿಲ್ಲಿಸಲಾಗದಿದ್ದರೆ ಬಾಟಲಿಯಲ್ಲಿ ಹಾಕುವ ಹಾಲನ್ನು ಎರಡು ಮೂರು ದಿನಗಳಿಗೊಮ್ಮೆ ಸ್ವಲ್ಪ ಸ್ವಲ್ಪವೇ ತಗ್ಗಿಸಿ, ಕೊನೆಗೆ ಬರೀ ನೀರಿಗೆ ಬಂದು ನಿಲ್ಲಿಸಬಹುದು. ಆದರೆ ಒಂದು ವರ್ಷ ತುಂಬದ ಮಗುವಿನ ಹಾಲಿನ ಪುಡಿಗೆ ಹೆಚ್ಚು ನೀರು ಬೆರೆಸಿ ತೆಳುಗೊಳಿಸುವುದು ಅಪಾಯಕಾರಿ, ಆ ದಾರಿ ಹಿಡಿಯಲೇಬಾರದು. ಬಾಟಲಿಯನ್ನು ನಿಲ್ಲಿಸಿದ ಮೇಲೆ ಮನೆಯಿಂದಲೇ ಸಾಗಿಸಿಬಿಡಬೇಕು. ತಾಯಿ ಕೊಡದದ್ದನ್ನು ಅಜ್ಜಿ ಕನಿಕರದಿಂದ ಕೊಟ್ಟರೆ, ಹೆಚ್ಚು ಅತ್ತರೆ ಸಿಗುತ್ತದೆ ಎಂಬ ಪಾಠವನ್ನಷ್ಟೇ ಮಗು ಕಲಿಯುತ್ತದೆ. ಜ್ವರ ಬಂದಾಗ, ಊರು ಬದಲಾಯಿಸುವಾಗ, ಮನೆಗೆ ಇನ್ನೊಂದು ಕೂಸು ಬಂದ ಹೊಸತರಲ್ಲಿ ಈ ಪ್ರಯತ್ನಕ್ಕೆ ಕೈಹಾಕದಿರುವುದು ಒಳಿತು.

ಪ್ರಶ್ನೆ: ಒಂದೂವರೆ ವರ್ಷದ ಮಗು ದಿನಕ್ಕೆ ಒಂದು ಲೀಟರಿನಷ್ಟು ಹಾಲನ್ನು ಬಾಟಲಿಯಲ್ಲಿ ಕುಡಿಯುತ್ತದೆ, ಊಟ ಮುಟ್ಟುವುದಿಲ್ಲ. ದುಂಡಗಿದ್ದರೂ ಬಿಳಿಚಿಕೊಂಡಂತೆ ಕಾಣುತ್ತದೆ.

ಉತ್ತರ: ಹಾಲಿನ ಅತಿಯಿಂದ ಬರುವ ರಕ್ತಹೀನತೆಯ ಚಿತ್ರ ಬಹುಮಟ್ಟಿಗೆ ಹೀಗೆಯೇ ಇರುತ್ತದೆ, ಆದ್ದರಿಂದ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಬೇಕು. ಈ ವಯಸ್ಸಿನ ಮಗುವಿಗೆ ದಿನಕ್ಕೆ ಏಳೆಂಟು ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಒಂದು ಲೀಟರ್ ಹಸುವಿನ ಹಾಲಿನಲ್ಲಿ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ಸಾಲದುದಕ್ಕೆ ಹಾಲಿನ ಕ್ಯಾಲ್ಸಿಯಂ ಮತ್ತು ಕೇಸೀನ್ ಎಂಬ ಪ್ರೋಟೀನು ಬೇರೆ ಆಹಾರದ ಕಬ್ಬಿಣವನ್ನೂ ದೇಹಕ್ಕೆ ಸರಿಯಾಗಿ ಸೇರಗೊಡುವುದಿಲ್ಲ, ಹಾಲು ಹೊಟ್ಟೆ ತುಂಬಿಸಿ ಆ ಆಹಾರದ ಹಸಿವನ್ನೇ ಕೊಂದುಬಿಡುತ್ತದೆ. ವರ್ಷ ತುಂಬದ ಶಿಶುಗಳಲ್ಲಿ ಹಸುವಿನ ಹಾಲು ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತಸ್ರಾವವನ್ನೂ ಉಂಟುಮಾಡಬಲ್ಲದು. ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ 400ರಿಂದ 500 ಮಿಲಿಲೀಟರ್ ಹಾಲು ಧಾರಾಳವಾಯಿತು. ಲೋಟಕ್ಕೆ ಬದಲಾಯಿಸಿದ ಮಾತ್ರಕ್ಕೆ ಪ್ರಮಾಣ ತಾನಾಗಿ ಇಳಿಯುತ್ತದೆ, ಏಕೆಂದರೆ ಲೋಟದಿಂದ ಯಾರೂ ಅರೆನಿದ್ದೆಯಲ್ಲಿ ಕುಡಿಯಲಾರರು. ಆಗ ಮರಳುವ ಹಸಿವಿಗೆ ಸೊಪ್ಪು ಬೇಳೆ ಹಿಸುಕಿದ ಅನ್ನ, ಮೊಟ್ಟೆ, ತಿನ್ನುವ ಮನೆಯಾದರೆ ಮೀನು ಮಾಂಸ ಸಿದ್ಧವಿರಬೇಕು, ಸಸ್ಯಾಹಾರದ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಅದರ ಕಬ್ಬಿಣ ಹೆಚ್ಚು ದಕ್ಕುತ್ತದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆರಡು ಬಾರಿ 1 ಮಿಲಿಲೀಟರಿನಂತೆ ಕೊಡುವ ಸರ್ಕಾರಿ ಕಬ್ಬಿಣದ ಸಿರಪ್ಪಿನ ಬಗ್ಗೆ ಆಶಾ ಕಾರ್ಯಕರ್ತೆಯನ್ನು ಕೇಳಬಹುದು. ರಕ್ತಹೀನತೆ ಆಗಲೇ ಇದ್ದರೆ ಆ ಪ್ರಮಾಣ ಸಾಲದು, ಅದನ್ನು ವೈದ್ಯರೇ ನಿರ್ಧರಿಸಬೇಕು.

ಪ್ರಶ್ನೆ: ಲೋಟದಲ್ಲಿ ನೀರು ಕುಡಿಯುವ ಮಗು ಹಾಲನ್ನು ಮಾತ್ರ ಒಲ್ಲೆನ್ನುತ್ತದೆ. ಪುಷ್ಟಿ ಕಡಿಮೆಯಾಗುವುದಿಲ್ಲವೇ?

ಉತ್ತರ: ವರ್ಷ ತುಂಬಿದ ಮಗು ಒಂದೆರಡು ವಾರ ಹಾಲು ಕಡಿಮೆ ಕುಡಿದರೆ ಗಾಬರಿಪಡಬೇಕಾಗಿಲ್ಲ. ಮೊಸರನ್ನ, ರಾಗಿ ಸರಿ, ಮಜ್ಜಿಗೆ, ಪಾಯಸಕ್ಕೆ ಬದಲು ಸಿಹಿಯಿಲ್ಲದ ಹಾಲುಗಂಜಿ ಇವೆಲ್ಲ ಆ ಕೊರತೆಯನ್ನು ತುಂಬುತ್ತವೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆಂಬುದನ್ನು ನೆನೆದರೆ ಕನ್ನಡನಾಡಿನ ಅಡುಗೆಮನೆಗೆ ಇದು ಕಷ್ಟದ ಮಾತಲ್ಲ. ಹಾಲು ಹೋಗಲೆಂದು ಸಕ್ಕರೆ, ಚಾಕೊಲೇಟ್ ಪುಡಿ ಬೆರೆಸುವುದು ಮಾತ್ರ ಬೇಡ.

ಪ್ರಶ್ನೆ: ತವರಿನಿಂದ ಬಂದ ಬೆಳ್ಳಿ ಒಳಲೆ ಮತ್ತು ಹಳೆಯ ಹಿತ್ತಾಳೆಯ ಗಿಂಡಿಯನ್ನು ಬಳಸಬಹುದೇ?

ಉತ್ತರ: ಒಂದು ಕಡೆ ಕೊಕ್ಕಿನಂತೆ ಚಾಚಿದ ಒಳಲೆ ಆಧುನಿಕ ವೈದ್ಯಕ್ಕೂ ಒಪ್ಪಿಗೆಯಾದದ್ದು; ನವಜಾತ ಶಿಶುಗಳ ಘಟಕಗಳಲ್ಲಿ, ಎದೆ ಚೀಪುವ ಶಕ್ತಿಯಿಲ್ಲದ ಕಡಿಮೆ ತೂಕದ ಕೂಸುಗಳಿಗೆ ತಾಯಿಯ ಹಾಲನ್ನು ಹಿಂಡಿ ಕುಡಿಸುವುದು ಇದೇ ಪಾತ್ರೆಯಿಂದ, ತಮಿಳಿನ ಪಾಲಾಡೈ ಎಂಬ ಹೆಸರಿನಲ್ಲಿ. ತೊಳೆಯಲು ಸುಲಭ, ಸಂದುಗೊಂದು ಇಲ್ಲ. ಆದರೆ ಬಳಸುವ ರೀತಿಯನ್ನು ತಿದ್ದಿಕೊಳ್ಳಬೇಕು: ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು, ಗಂಟಲಿಗೆ ಸುರಿಯುವ ಹಳೆಯ ಕ್ರಮದಲ್ಲಿ ಹಾಲು ಶ್ವಾಸಕೋಶಕ್ಕೆ ಹೋಗಬಹುದು. ಹಾಗೆ ಹರಳೆಣ್ಣೆ ಹಾಕುವುದಂತೂ ಇನ್ನೂ ಘೋರ, ಏಕೆಂದರೆ ಶ್ವಾಸಕೋಶ ಸೇರಿದ ಎಣ್ಣೆ ಕರಗದೆ ಅಲ್ಲೇ ಉಳಿದು ಗುಣವಾಗಲು ಬಹುಕಾಲ ಹಿಡಿಯುವ ಬಗೆಯ ನ್ಯುಮೋನಿಯಾವನ್ನು ತರುತ್ತದೆ.

ಹಿತ್ತಾಳೆಯ ಗಿಂಡಿಯನ್ನು ದೇವರ ಮನೆಯಲ್ಲೇ ಇಡುವುದು ಕ್ಷೇಮ. ಕಲಾಯಿ ಇಲ್ಲದ ಹಿತ್ತಾಳೆ ತಾಮ್ರಗಳಲ್ಲಿ ಕಾಯಿಸಿಟ್ಟ ಹಾಲು ತಾಮ್ರವನ್ನು ಹೀರಿಕೊಳ್ಳುತ್ತದೆ. ಭಾರತದಲ್ಲಿ ಎಳೆಮಕ್ಕಳ ಯಕೃತ್ತನ್ನು ಗಟ್ಟಿಗೊಳಿಸಿ ಕೊಲ್ಲುತ್ತಿದ್ದ ಸಿರೋಸಿಸ್ ರೋಗಕ್ಕೂ ಇಂಥ ಪಾತ್ರೆಗಳಿಗೂ ಇರುವ ಸಂಬಂಧವನ್ನು 1980ರ ದಶಕದಲ್ಲಿ ಪುಣೆಯ ಸುತ್ತ ನಡೆದ ಸಂಶೋಧನೆಗಳು ತೋರಿಸಿಕೊಟ್ಟವು, ಪಾತ್ರೆಗಳು ಬದಲಾದಂತೆ ಆ ರೋಗವೂ ಬಹುಮಟ್ಟಿಗೆ ಮರೆಯಾಯಿತು.

ಪ್ರಶ್ನೆ: ಲೋಟದಿಂದ ಕುಡಿಯುವಾಗ ಮಗು ಕೆಮ್ಮುತ್ತದೆ. ಇದು ಸಹಜವೇ?

ಉತ್ತರ: ಕಲಿಯುವ ಮೊದಲ ದಿನಗಳಲ್ಲಿ ಅಪರೂಪಕ್ಕೊಮ್ಮೆ ಕೆಮ್ಮುವುದು ಸಹಜ. ಪ್ರತಿ ಸಲವೂ ಕೆಮ್ಮುವುದು, ಕುಡಿದ ಮೇಲೆ ದನಿ ನೀರು ತುಂಬಿದಂತೆ ಗೊರಗೊರವೆನ್ನುವುದು, ಮೂಗಿನಿಂದ ಹಾಲು ಬರುವುದು, ಮೇಲಿಂದ ಮೇಲೆ ಎದೆಯ ಸೋಂಕು, ತೂಕ ಏರದಿರುವುದು ಇವು ಸಹಜವಲ್ಲ; ಇಂಥ ಮಗುವಿಗೆ ಲೋಟದ ಅಭ್ಯಾಸವನ್ನು ನಿಲ್ಲಿಸಿ ಮಕ್ಕಳ ವೈದ್ಯರಿಗೆ ತೋರಿಸಬೇಕು, ಅವರ ಸಲಹೆಯ ಮೇರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ನುಂಗುವ ಕ್ರಿಯೆಯ ಪರೀಕ್ಷೆ ಮಾಡಿಸಬಹುದು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಇಲ್ಲಿ ಹೇಳಿದ ವಯಸ್ಸುಗಳನ್ನೆಲ್ಲ ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕು.