ಓರೆ ಮೂಲೆಗೆ ಮಳೆನೀರಿನ ದೋಣಿ

ಪ್ರಶ್ನೆ: ಪುಣೆಯ ಕೋಥ್ರೂಡಿನಲ್ಲಿ ನಮ್ಮದು ಹಳೆಯ ಸಣ್ಣ ಬಂಗಲೆ. ಮುಂದಿನ ಕೋಣೆ ಮೂರು ಮಗ್ಗುಲಾಗಿ ಹೊರಕ್ಕೆ ಚಾಚಿದೆ, ಮೇಲೆ ಮಂಗಳೂರು ಹಂಚಿನ ಮಾಡು. ಅಂಗಡಿಯಲ್ಲಿ ಪಿವಿಸಿ ದೋಣಿಗೆ ಚೌಕ ಮೂಲೆಯ ಜೋಡಣೆ ಮಾತ್ರ ಸಿಕ್ಕಿತು. ಪ್ಲಂಬರ್ ಅದನ್ನೇ ಬಿಸಿ ಮಾಡಿ, ಬಗ್ಗಿಸಿ ಕೂಡಿಸಿದರು. ಎರಡು ಮಳೆಗಾಲವೂ ಅಲ್ಲೇ ಸೋರಿ ಗೋಡೆ ಪಾಚಿಗಟ್ಟಿದೆ. ಏನು ಮಾಡಲಿ?

ಉತ್ತರ: ಆ ಬಗ್ಗಿಸಿದ ತುಂಡನ್ನು ಮೊದಲು ತೆಗೆಸಿಬಿಡಿ. ಬಿಸಿ ತಾಗಿದ ಕಡೆ ಪಿವಿಸಿ ತೆಳುವಾಗಿ ಸೊಟ್ಟಗಾಗುತ್ತದೆ, ಅಂಟು ಅಲ್ಲಿ ಪೂರ್ತಿ ಕೂರುವುದಿಲ್ಲ. ಇನ್ನೊಂದು ತೊಂದರೆಯೂ ಇದೆ. 6 ಮೀಟರ್ ಉದ್ದದ ಪಿವಿಸಿ ದೋಣಿ 30 ಡಿಗ್ರಿ ಬಿಸಿ ಏರಿದರೆ ಸುಮಾರು 1 ಸೆಂ.ಮೀ. ಹಿಗ್ಗುತ್ತದೆ. ಪುಣೆಯ ಚಳಿಗಾಲದ ಬೆಳಗಿಗೂ ಏಪ್ರಿಲ್‌ನ ಮಧ್ಯಾಹ್ನಕ್ಕೂ ಇರುವ ಅಂತರ ಅದಕ್ಕೆ ಧಾರಾಳವಾಗಿ ಸಾಕು. ಆ ಎಳೆದಾಟವೆಲ್ಲ ಬಂದು ಬೀಳುವುದು ಮೂಲೆಯ ಮೇಲೆ. ಹಾಗಾಗಿ ನಿಮ್ಮಂಥ ಮಾಡಿಗೆ ನಾನು ಹೇಳುವುದು ಜಿಐ ತಗಡಿನ ದೋಣಿಯನ್ನೇ. ಅದು ಹಿಗ್ಗುವುದು ಪಿವಿಸಿಯ ಐದನೇ ಒಂದು ಪಾಲಿನಷ್ಟು. ಬೇಕಾದ ಕೋನಕ್ಕೆ ಕತ್ತರಿಸಿ ಬೆಸೆಯಲೂ ಬರುತ್ತದೆ.

ಇನ್ನು ಕೋನದ ಮಾತು. ಇಂಥ ಕೋಣೆಯ ಮೂಲೆ ಸಾಮಾನ್ಯವಾಗಿ 135 ಡಿಗ್ರಿ ಇರುತ್ತದೆ ಎನ್ನುತ್ತಾರೆ. ನಂಬಬೇಡಿ, ಅಳೆಯಿರಿ. ಕಟ್ಟುವಾಗ ಒಂದು ಮೂಲೆ 132 ಆಗಿ, ಇನ್ನೊಂದು 138 ಆಗಿರುವುದು ಸಾಮಾನ್ಯ. 12 ಸೆಂ.ಮೀ. ಅಗಲದ ದೋಣಿಯಲ್ಲಿ 3 ಡಿಗ್ರಿ ತಪ್ಪಿದರೆ ತುದಿಯಲ್ಲಿ 6–7 ಮಿ.ಮೀ. ಸಂದು ಬೀಳುತ್ತದೆ. ಅಳತೆಯನ್ನು ಗೋಡೆಯ ಮೂಲೆಯಲ್ಲಿ ತೆಗೆಯಬೇಡಿ. ದೋಣಿ ಕೂರುವುದು ಸೂರಿನ ಅಂಚುಹಲಗೆಗೆ, ಅದರ ಮೂಲೆಯನ್ನೇ ಅಳೆಯಬೇಕು.

ಬಡಗಿಯ ಮೂಲೆಮಟ್ಟ (ಪುಣೆಯವರ ಬಾಯಲ್ಲಿ ಗುಣ್ಯಾ) ಇಲ್ಲಿ ನಡೆಯದು, ಅದಕ್ಕೆ ಗೊತ್ತಿರುವುದು 90 ಒಂದೇ. ಒಂದು ರಟ್ಟನ್ನು ಸೂರಿನ ಮೂಲೆಯ ಅಡಿಗೆ ಒತ್ತಿ ಹಿಡಿದು, ಎರಡೂ ಅಂಚುಹಲಗೆಗಳ ಹೊರಗೆರೆಯನ್ನು ಪೆನ್ಸಿಲ್‌ನಿಂದ ಎಳೆದುಕೊಳ್ಳಿ. ಆ ಆಕಾರವನ್ನು ಕಾಗದಕ್ಕೆ ಇಳಿಸಿ, ಕತ್ತರಿಸಿ, ಎರಡು ಅಂಚೂ ಒಂದರ ಮೇಲೊಂದು ಬರುವಂತೆ ಮಡಚಿ. ಮಡಿಕೆಯ ಗೆರೆಯೇ ನೀವು ಕತ್ತರಿಸಬೇಕಾದ ಗೆರೆ. ಮೂಲೆ ಎಷ್ಟೇ ವಿಚಿತ್ರವಾಗಿರಲಿ, ಎರಡು ತುಂಡೂ ಅದರ ಅರ್ಧ ಕೋನದಲ್ಲಿ ಕೂಡುತ್ತವೆ. 135ಕ್ಕೆ ಅರ್ಧ 67.5, ನೇರ ಅಡ್ಡಕೊಯ್ತದಿಂದ ಗರಗಸವನ್ನು 22.5 ಡಿಗ್ರಿ ತಿರುಗಿಸಿದಂತೆ. ಆದರೆ ಎರಡೂ ತುಂಡು ಒಂದೇ ಅಗಲದವಾಗಿದ್ದು, ಮೂಲೆಯಲ್ಲಿ ಒಂದೇ ಮಟ್ಟದಲ್ಲಿರಬೇಕು, ಇಲ್ಲದಿದ್ದರೆ ಈ ಲೆಕ್ಕ ಕೂಡುವುದಿಲ್ಲ.

ಕತ್ತರಿಸುವಾಗ ಹೆಚ್ಚಿನವರು ಎಡವುವುದು ದಿಕ್ಕಿನಲ್ಲಿ. ಹೊರಮೂಲೆಯಾದರೆ ದೋಣಿಯ ಮುಂದಿನ ತುಟಿ ಉದ್ದ, ಹಲಗೆಯ ಬದಿ ಗಿಡ್ಡ. ನಿಮ್ಮ 12 ಸೆಂ.ಮೀ. ದೋಣಿಗೆ ಈ ಹೆಚ್ಚಳ ಸುಮಾರು 5 ಸೆಂ.ಮೀ. ಕೋಣೆಯ ಮಗ್ಗುಲು ಮುಖ್ಯ ಗೋಡೆಗೆ ಸೇರುವ ಒಳಮೂಲೆಯಲ್ಲಿ ಇದು ತಿರುವುಮುರುವು. ತಗಡು ಹಾಳಾಗುವ ಮೊದಲು ರಟ್ಟಿನಲ್ಲೇ ಎರಡು ತುಂಡು ಮಾಡಿ ಮೇಲೆ ಹಿಡಿದು ನೋಡಿ.

ಸಂದಿಗೆ ಒಳಗಿನಿಂದ ಒಂದು ತಗಡಿನ ಪಟ್ಟಿ ಇಟ್ಟು ರಿವೆಟ್ ಹೊಡೆಸಿ ಬೆಸೆಸಿರಿ. ಸಿಲಿಕೋನ್ ಹಚ್ಚುವುದಾದರೆ ಮೂಸಿ ನೋಡಿ: ವಿನಿಗರ್ ವಾಸನೆ ಬರುವ ಬಗೆ ಜಿಐ ಮೇಲಿನ ಸತುವನ್ನು ತಿನ್ನುತ್ತದೆ, ನ್ಯೂಟ್ರಲ್ ಎಂದು ಬರೆದಿರುವುದನ್ನೇ ಕೇಳಿ. ಕತ್ತರಿಸಿದ ಅಂಚಿಗೆ ಜಿಂಕ್ ಬಣ್ಣ ಬಳಿಸಲು ಮರೆಯಬೇಡಿ, ತುಕ್ಕು ಶುರುವಾಗುವುದೇ ಅಲ್ಲಿಂದ.

ಎಷ್ಟೇ ಚೆಂದ ಬೆಸೆದರೂ ಹೊರಮೂಲೆಯಲ್ಲಿ ನೀರು ನಿಲ್ಲಬಾರದು. ಮುಂದಿನ ಮಗ್ಗುಲಿನ ನಡುವನ್ನು ಎತ್ತರದ ಜಾಗವಾಗಿ ಹಿಡಿದು, ಅಲ್ಲಿಂದ ಎರಡೂ ಕಡೆಗೆ ಮೀಟರಿಗೆ ಅರ್ಧ ಸೆಂ.ಮೀ. ಇಳಿಜಾರು ಕೊಡಿ, ಮುಖ್ಯ ಗೋಡೆಯ ಹತ್ತಿರ ಒಂದೊಂದು ಇಳಿಪೈಪು ಬರಲಿ. ಮೇಲಿನಿಂದ ಬರುವ ತುಂಡು ಕೆಳಗಿನ ತುಂಡಿನ ಒಳಗೆ ಕೂರಬೇಕು, ಹಂಚು ಹೊದಿಸಿದ ಹಾಗೆ. ಕೆಲಸ ಮುಗಿದ ದಿನವೇ ಎರಡು ಬಕೆಟ್ ನೀರು ಹೊಯ್ದು ನೋಡಿ, ಮಳೆಗೆ ಕಾಯಬೇಡಿ.

ಪ್ರಶ್ನೆ: ಸದಾಶಿವ ಪೇಠದಲ್ಲಿ ಚೌಕವಿರುವ ಹಳೆಯ ವಾಡೆ ನಮ್ಮದು. ನಾಲ್ಕು ಒಳಮೂಲೆಗಳಲ್ಲೂ ದೋಣಿ ಸರಿಯಾಗಿಯೇ ಕೂತಿದೆ, ಸಂದು ಸೋರುವುದಿಲ್ಲ. ಆದರೂ ಜೋರು ಮಳೆಗೆ ನೀರು ದೋಣಿಯನ್ನು ದಾಟಿ ಅಂಗಳಕ್ಕೆ ಹಾರುತ್ತದೆ.

ಉತ್ತರ: ನಿಮ್ಮಲ್ಲಿ ತಪ್ಪು ಸಂದಿನದ್ದಲ್ಲ. ಎರಡು ಇಳಿಜಾರುಗಳ ನೀರು ಮಾಡಿನ ಕಣಿವೆಯಲ್ಲಿ ಕೂಡಿ ಒಂದೇ ಬಿಂದುವಿಗೆ ಓಡಿ ಬರುತ್ತದೆ. 1 ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಅಂದರೆ 1 ಲೀಟರ್. ಒಂದು ಕಣಿವೆಗೆ 30 ಚದರ ಮೀಟರ್ ಮಾಡು ಸೇರುತ್ತಿದ್ದರೆ, 10 ಮಿ.ಮೀ. ಸುರಿಯುವಷ್ಟರಲ್ಲಿ 300 ಲೀಟರ್ ಆ ಮೂಲೆಗೆ ಇಳಿದಿರುತ್ತದೆ. ಪುಣೆಯ ವರ್ಷದ ಮಳೆ ಮುಕ್ಕಾಲು ಮೀಟರಿನ ಆಸುಪಾಸು, ಲೋಣಾವಳದ ಮುಂದೆ ಏನೂ ಅಲ್ಲ. ಅದನ್ನು ನೋಡಿ ದೋಣಿಯ ಅಳತೆ ಹಿಡಿದವರು ಮೋಸಹೋಗುತ್ತಾರೆ. ಮೇ ತಿಂಗಳ ವಳೀವ, ನಮ್ಮ ಧಾರವಾಡದ ಕಡೆಯ ಅಡ್ಡಮಳೆ, ಕಾಲು ಗಂಟೆಯಲ್ಲೇ ತನ್ನ ಪಾಲು ಸುರಿದು ಹೋಗುತ್ತದೆ. 2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯ ಆಂಬಿಲ್ ಓಢಾ ಹಳ್ಳ ಉಕ್ಕಿ ಮನೆಗಳಿಗೆ ನುಗ್ಗಿದ್ದು ನಿಮಗೆ ನೆನಪಿರಬೇಕು. ದೋಣಿಯನ್ನು ಇಂಥ ಗಳಿಗೆಗೆಂದು ಅಳೆಯಬೇಕು.

ಕಣಿವೆಯ ಬಾಯಿಗೆ ಎದುರಾಗಿ, ದೋಣಿಯ ಮುಂದಿನ ತುಟಿಯ ಮೇಲೆ, ಮೂಲೆಯ ಎರಡೂ ಬದಿಗೆ ಒಂದೊಂದು ಗೇಣು ಉದ್ದ, 10 ಸೆಂ.ಮೀ. ಎತ್ತರದ ತಗಡಿನ ತಡೆ ನಿಲ್ಲಿಸಿ. ಮೇಲಿನ ಪತ್ರದವರಿಗೆ ಮೂಲೆಯಿಂದ ನೀರನ್ನು ದೂರ ಒಯ್ಯಿರಿ ಎಂದೆ. ನಿಮಗೆ ಹೇಳುವುದು ಅದರ ವಿರುದ್ಧ. ಇಳಿಪೈಪು ಈ ಮೂಲೆಯಲ್ಲೇ ಇರಲಿ, ದೊಡ್ಡದಿರಲಿ. ಕಣಿವೆಯಲ್ಲಿ ಸಿಕ್ಕಿಕೊಂಡ ಎಲೆಯನ್ನು ಮೇ ಕೊನೆಗೆ ಒಮ್ಮೆ, ಗಣಪತಿ ಹಬ್ಬದ ಹೊತ್ತಿಗೆ ಇನ್ನೊಮ್ಮೆ ತೆಗೆಸಿ.

ಪ್ರಶ್ನೆ: ನಮ್ಮ ನಿವೇಶನ ಮುಮ್ಮೂಲೆಯದು. ಮನೆಯ ಒಂದು ತುದಿ 60 ಡಿಗ್ರಿಯಷ್ಟು ಚೂಪಾಗಿದೆ. ಅಲ್ಲಿಗೂ ಅರ್ಧ ಕೋನದ ಲೆಕ್ಕವೇ?

ಉತ್ತರ: ಲೆಕ್ಕ ಅದೇ. ಆದರೆ 12 ಸೆಂ.ಮೀ. ದೋಣಿಯ ತುಟಿ ಅಲ್ಲಿ 21 ಸೆಂ.ಮೀ. ಮುಂದಕ್ಕೆ ಚಾಚಿ ಕೊಕ್ಕಿನಂತಾಗುತ್ತದೆ. ಗಾಳಿಗೆ ಅಲುಗುತ್ತದೆ, ಏಣಿ ತಾಗಿದರೆ ನಗ್ಗುತ್ತದೆ. ಜೋಡಿಸುವ ಗೋಜಿಗೇ ಹೋಗಬೇಡಿ. ಮೂಲೆಯಲ್ಲಿ ಮೇಲೆ ತೆರೆದ ತಗಡಿನ ಡಬ್ಬಿಯೊಂದನ್ನು ಗೋಡೆಗೆ ಭದ್ರವಾಗಿ ಕೂರಿಸಿ, ಎರಡೂ ದೋಣಿಯ ತುದಿ ಅದರೊಳಗೆ ಸುರಿಯುವಂತೆ ಬಿಡಿ. ಇಳಿಪೈಪು ಡಬ್ಬಿಯ ತಳದಿಂದ ಹೊರಡಲಿ. ಡಬ್ಬಿಯ ಮುಂದಿನ ಅಂಚು ಹಿಂದಿನದಕ್ಕಿಂತ ಎರಡು ಬೆರಳು ತಗ್ಗಾಗಿರಲಿ. ಪೈಪು ಕಟ್ಟಿಕೊಂಡ ದಿನ ನೀರು ಗೋಡೆಯ ಕಡೆ ಬಾರದೆ ಹೊರಗೆ ಬೀಳುತ್ತದೆ, ಅದು ನಿಮ್ಮ ಕಣ್ಣಿಗೂ ಕೂಡಲೇ ಕಾಣುತ್ತದೆ.